ಹಿನ್ನೀರಿನ ಜೋಡಿದೋಣಿ: ತೊಲೆಯದ್ದೇ ತಲೆಬಿಸಿ

ಸಾಗರದಲ್ಲಿ ನಮ್ಮದು ಫೈಬರ್ ಕೆಲಸದ ಶೆಡ್. ಶರಾವತಿ ಹಿನ್ನೀರಿಗೆ ಅಂತ ಮೋಟಾರ್ ಕೂರಿಸುವ ಕೆಟಮರಾನ್, ಅಂದರೆ ಜೋಡಿದೋಣಿ, ಕಟ್ಟಿದೆ. ನೋಡಲು ಬಂದವರೆಲ್ಲ ತಳ ಎಷ್ಟು ದಪ್ಪ ಅಂತಲೇ ಕೇಳುತ್ತಿದ್ದರು. ಎರಡು ದೋಣಿಗಳನ್ನೂ ಹಿಡಿದಿಡುವ ಅಡ್ಡತೊಲೆ ಬಗ್ಗೆ ಯಾರೂ ಕೇಳಲಿಲ್ಲ. ನನಗೆ ತಲೆಬಿಸಿ ಇದ್ದದ್ದೇ ಅಲ್ಲಿ.

ಅಲೆ ಓರೆಯಾಗಿ ಬಂದಾಗ ಎಡಗಡೆ ದೋಣಿಯ ಮೂತಿ ಏಳುತ್ತದೆ, ಬಲಗಡೆಯದರ ಹಿಂಬದಿ ಏಳುತ್ತದೆ. ನಡುವಿನ ಜೋಡಣೆಯನ್ನು ಬಟ್ಟೆ ಹಿಂಡಿದ ಹಾಗೆ ತಿರುಚುತ್ತದೆ. ಹಿನ್ನೀರು ತಾನೇ, ಸುಮ್ನೆ ಹೆದರಿಸ್ತೀರಿ ಅನ್ನಬೇಡಿ. ಅಗಲ ನೀರಿಗೆ ಗಾಳಿ ಬಿದ್ದರೆ ಅಲೆ ಗಿಡ್ಡವಾದರೂ ಒಂದರ ಹಿಂದೊಂದು ಬಡಿಯುತ್ತದೆ.

ತೊಲೆಯನ್ನು ಪೆಟ್ಟಿಗೆಯಂತೆ ಕಟ್ಟಿದೆ. ಬಾಗುವಾಗ ಎಳೆತ, ಒತ್ತಡ ಎರಡೂ ಮೇಲೆ-ಕೆಳಗೆ ಜಾಸ್ತಿ. ಅಲ್ಲಿಗೆ ಉದ್ದಕ್ಕೂ ಒಂದೇ ದಿಕ್ಕಿನ ಎಳೆಯ ಗ್ಲಾಸ್ ಬಟ್ಟೆ, ಅಂದರೆ ಗಾಜಿನ ನಾರಿನ ಬಟ್ಟೆ. ತಿರುಚುವ ಬಲ ಓರೆಯಾಗಿ ಹರಿಯುತ್ತದೆ, ಹಾಗಾಗಿ ಪಕ್ಕಗಳಿಗೆ 45 ಡಿಗ್ರಿಯ ಬಯಾಕ್ಸಿಯಲ್ ಬಟ್ಟೆ, ಅಂದರೆ ಎರಡು ದಿಕ್ಕಿಗೆ ಓರೆಯಾಗಿ ಎಳೆ ಇರುವ ಬಟ್ಟೆ. ಟ್ಯಾಂಕಿಗೆ ಹಾಕುವ ಚಾಪ್ಡ್ ಮ್ಯಾಟ್, ಅಂದರೆ ತುಂಡು ಎಳೆಗಳ ಹಾಸು, ಇಲ್ಲಿ ಬೇಡ. ಬಟ್ಟೆಗೆ ಉಣಿಸುವ ರಾಳ, ರೆಸಿನ್, ಜಾಸ್ತಿ ಕುಡಿಯುತ್ತದೆ, ತೂಕ ಏರುತ್ತದೆ, ಬಲ ಕಮ್ಮಿ.

ತೊಲೆಯ ತುದಿಯನ್ನು ದೋಣಿಯ ಒಳಗೋಡೆಗೆ ಅಂಟಿಸಿ ಬಿಡಬಾರದು. ಹೊರಗೋಡೆವರೆಗೂ ಒಯ್ದು, ಸರಿಯಾಗಿ ದೋಣಿಯೊಳಗಿನ ಅಡ್ಡಗೋಡೆಯ ಮೇಲೇ ಕೂರಿಸಬೇಕು. ಕೂಡುವ ಮೂಲೆಗೆ ಸಿಲಿಕಾ ಪುಡಿ ಕಲಸಿದ ಎಪಾಕ್ಸಿ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ರೆಸಿನ್) ಮೆತ್ತಿ ದುಂಡಗೆ ತೀಡುತ್ತೇನೆ. ಉಗುರು ಒತ್ತಿದರೆ ಗುರುತು ಬೀಳಬೇಕು, ಅಂಟಬಾರದು. ಆ ಹದದಲ್ಲೇ ಗ್ಲಾಸ್ ಪಟ್ಟಿ ಹಾಕಿದರೆ ಎರಡೂ ಒಂದಾಗಿ ಗಟ್ಟಿಯಾಗುತ್ತವೆ.

ದೋಣಿಯ ಪಕ್ಕದ ಗೋಡೆಗಳಿಗೆ ನಡುವೆ ಪಿವಿಸಿ ಫೋಮ್ ಅನ್ನುವ ಹಗುರ ಪ್ಲಾಸ್ಟಿಕ್ ಹಲಗೆ, ಎರಡೂ ಕಡೆ ಗ್ಲಾಸ್. ಹಗುರ, ಆದರೂ ಬಾಗುವುದಿಲ್ಲ. ಬೋಲ್ಟ್ ಬರುವ ಕಡೆ ಫೋಮ್ ಕೆತ್ತಿ ತೆಗೆದು ಗಟ್ಟಿ ಎಪಾಕ್ಸಿ ತುಂಬಬೇಕು. ಇಲ್ಲದಿದ್ದರೆ ನಟ್ ಬಿಗಿದಾಗ ಫೋಮ್ ಅಪ್ಪಚ್ಚಿ, ಆಮೇಲೆ ನೀರು ಒಳಗೆ. ತಳಕ್ಕೆ ಮಾತ್ರ ಫೋಮ್ ಹಾಕಲಿಲ್ಲ. ಈ ಹಿನ್ನೀರು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟು ಆದದ್ದು 1964ರಲ್ಲಿ. ಆಗ ಮುಳುಗಿದ ಕಾಡಿನ ಒಣಮರದ ಬೊಡ್ಡೆಗಳು ಈಗಲೂ ಬೇಸಿಗೆಯಲ್ಲಿ ತಲೆ ಎತ್ತುತ್ತವೆ, ಅಲ್ವಾ? ಬಡಿದರೆ ತಡೆಯಲಿ ಅಂತ ತಳ ಪೂರ್ತಿ ಗ್ಲಾಸ್, ಮೂತಿಯ ಹಿಂದೆ ನೀರು ಬಿಡದ ಅಡ್ಡಗೋಡೆ.

ಎಪಾಕ್ಸಿ ಕೆಲಸ ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ. ತೇವಕ್ಕೆ ಹಾರ್ಡನರ್ ಮೇಲೆದ್ದು ಮೇಣದಂಥ ಜಿಡ್ಡು ಕಟ್ಟುತ್ತದೆ. ಅದನ್ನು ಬರೀ ನೀರಿನಲ್ಲೇ ಉಜ್ಜಿ ತೊಳೆಯಬಹುದು. ತೊಳೆಯದೆ ಮುಂದಿನ ಪದರ ಹಾಕಿದರೆ ಹಿಡಿಯುವುದಿಲ್ಲ.

ದೋಣಿಯವರಿಗೆ ಅವಸರ. "ಬಣ್ಣ ಯಾವಾಗ ಮಾರಾಯ್ರೆ?" ಅಂತ ದಿನಾ ಫೋನ್. ನಾನು ಬಣ್ಣ ತಡೆದೆ. ಮೊದಲು ಓರೆ ಅಲೆ ತಿರುಚುವ ಹಾಗೆಯೇ ಒಂದು ದೋಣಿಯ ಮೂತಿಗೂ ಇನ್ನೊಂದರ ಹಿಂಬದಿಗೂ ಜಾಕಿ ಕೊಟ್ಟು ಎತ್ತಿ, ತೊಲೆ ಕೂಡುವ ಮೂಲೆಗಳಿಗೆ ಟಾರ್ಚ್ ಬಿಟ್ಟು ನೋಡಿದೆ. ಬಿಳಿ ಗೆರೆ ಕಂಡರೆ ಅಲ್ಲಿ ಪದರ ಬಿಟ್ಟಿದೆ ಅಂತ ಲೆಕ್ಕ. ಬಣ್ಣ ಬಳಿದ ಮೇಲೆ ಆ ಗೆರೆ ಕಾಣುವುದೇ ಇಲ್ಲ.