ಹೊಸ ಫೋನು ಸಿಮ್ ಗುರುತಿಸುತ್ತಿಲ್ಲವೇ? ದೋಷ ಎಲ್ಲಿದೆ ಎಂಬುದನ್ನು ಮೊದಲು ಪತ್ತೆಹಚ್ಚಿ

ಹೊಸ ಫೋನಿಗೆ ಹಳೆಯ ಸಿಮ್ ಹಾಕಿದ ಕೂಡಲೇ ‘ಸಿಮ್ ಕಾರ್ಡ್ ಇಲ್ಲ’ ಎಂಬ ಸಂದೇಶ ಕಾಣಿಸಿಕೊಂಡರೆ, ಫೋನೇ ಕೆಟ್ಟಿದೆ ಎಂದುಕೊಂಡು ಹಲವರು ಅದನ್ನು ಹಿಂದಿರುಗಿಸಲು ಹೊರಡುತ್ತಾರೆ. ಇನ್ನು ಕೆಲವರು ಫ್ಯಾಕ್ಟರಿ ರಿಸೆಟ್ ಮಾಡಿ ಫೋನಿನಲ್ಲಿರುವುದನ್ನೆಲ್ಲ ಅಳಿಸಿಬಿಡುತ್ತಾರೆ. ಎರಡೂ ಅವಸರದ ಕ್ರಮಗಳು. ಸಿಮ್ ಕೆಲಸ ಮಾಡಬೇಕಾದರೆ ಕಾರ್ಡು, ಫೋನು ಮತ್ತು ಮೊಬೈಲ್ ಸೇವಾ ಕಂಪನಿಯ ದಾಖಲೆ, ಈ ಮೂರೂ ಸರಿಯಿರಬೇಕು. ತೊಂದರೆ ಈ ಮೂರರಲ್ಲಿ ಎಲ್ಲಿದೆ ಎಂಬುದು ತಿಳಿಯುವವರೆಗೆ ಯಾವ ದುರಸ್ತಿಗೂ ಕೈಹಾಕದಿರುವುದು ಒಳ್ಳೆಯದು.

ಸಂದೇಶವನ್ನು ಗಮನವಿಟ್ಟು ಓದಿ

ಪರದೆಯ ಮೇಲಿನ ಮಾತುಗಳೆಲ್ಲ ಮೇಲ್ನೋಟಕ್ಕೆ ಒಂದೇ ಎನಿಸಿದರೂ ಅವುಗಳ ಅರ್ಥ ಬೇರೆ ಬೇರೆ. ‘ಸಿಮ್ ಇಲ್ಲ’ ಎಂದರೆ ಫೋನಿಗೆ ಕಾರ್ಡಿನ ಸಂಪರ್ಕವೇ ಸಿಕ್ಕಿಲ್ಲ ಎಂದರ್ಥ. ಕಾರ್ಡು ಸರಿಯಾಗಿ ಕೂತಿಲ್ಲ, ಕೊಳೆಯಾಗಿದೆ ಅಥವಾ ಹಾಳಾಗಿದೆ. ‘ಅಮಾನ್ಯ ಸಿಮ್’ ಅಥವಾ ‘ಈ ಸಿಮ್‌ಗೆ ಬೆಂಬಲವಿಲ್ಲ’ ಎಂದು ಬಂದರೆ, ಫೋನು ಕಾರ್ಡನ್ನು ಓದಿದೆ, ಆದರೆ ಒಪ್ಪಿಕೊಳ್ಳುತ್ತಿಲ್ಲ. ಫೋನು ಬೇರೊಂದು ಕಂಪನಿಯ ನೆಟ್‌ವರ್ಕ್‌ಗೆ ಲಾಕ್ ಆಗಿರುವಾಗ, ಅಂದರೆ ಆ ಕಂಪನಿಯ ಸಿಮ್ ಮಾತ್ರ ನಡೆಯುವಂತೆ ನಿರ್ಬಂಧಿಸಿರುವಾಗ, ಹೀಗಾಗುವುದು ಹೆಚ್ಚು. ‘ಸಿಮ್ ನಾಟ್ ಪ್ರೊವಿಷನ್ಡ್’ ಎಂಬ ಸಂದೇಶವು ಕಂಪನಿಯ ವ್ಯವಸ್ಥೆಯಲ್ಲಿ ಆ ಕಾರ್ಡು ಇನ್ನೂ ಚಾಲನೆಗೊಂಡಿಲ್ಲ ಎಂಬುದನ್ನು ಸೂಚಿಸುತ್ತದೆ. ಹೊಸ ಸಿಮ್ ಪಡೆದಾಗ ಅಥವಾ ಅದೇ ನಂಬರನ್ನು ಬೇರೆ ಕಂಪನಿಗೆ ಬದಲಾಯಿಸಿಕೊಂಡಾಗ ಇದು ಕಾಣಿಸಿಕೊಳ್ಳುತ್ತದೆ. ‘ಸೇವೆ ಇಲ್ಲ’ ಎಂಬುದಾದರೆ ಕಾರ್ಡು ಫೋನಿಗೆ ಸಿಕ್ಕಿದೆ, ಸಿಗ್ನಲ್ ಮಾತ್ರ ಸಿಕ್ಕಿಲ್ಲ. ಹೀಗಾಗಿ ಸಂದೇಶವನ್ನು ಇದ್ದದ್ದು ಇದ್ದಂತೆ ಬರೆದಿಟ್ಟುಕೊಳ್ಳಿ.

ತೆಗೆದು ಮತ್ತೆ ಕೂರಿಸಿ

ಫೋನನ್ನು ಪೂರ್ತಿ ಆಫ್ ಮಾಡಿದ ನಂತರವೇ ಟ್ರೇ ತೆಗೆಯಿರಿ. ಪೆಟ್ಟಿಗೆಯಲ್ಲಿ ಬಂದ ಪಿನ್ನನ್ನು ಟ್ರೇಯ ಪಟ್ಟಿಯ ಮೇಲೆಯೇ ಇರುವ ಚಿಕ್ಕ ರಂಧ್ರಕ್ಕೆ ನೇರವಾಗಿ ಒತ್ತಬೇಕು. ಫೋನಿನ ಅಂಚಿನಲ್ಲಿ ಒಂಟಿಯಾಗಿ ಕಾಣುವ ಇನ್ನೊಂದು ರಂಧ್ರ ಮೈಕ್ರೊಫೋನಿನದು; ಅದರೊಳಗೆ ಪಿನ್ ಚುಚ್ಚಿದರೆ ಹೊಸದೊಂದು ತೊಂದರೆಯನ್ನು ನಾವೇ ತಂದುಕೊಂಡಂತಾಗುತ್ತದೆ.

ಟ್ರೇ ಹೊರಬಂದ ಮೇಲೆ ಎರಡು ಸಂಗತಿಗಳನ್ನು ನೋಡಿ. ಮೊದಲನೆಯದು, ಕಾರ್ಡಿನ ಮೂಲೆಯ ಓರೆ ಕತ್ತರಿಕೆಯು ಟ್ರೇಯ ಓರೆ ಮೂಲೆಗೆ ಹೊಂದಿದೆಯೇ ಎಂಬುದು. ಎರಡನೆಯದು, ಕಾರ್ಡಿನ ಲೋಹದ ಭಾಗ ಯಾವ ಕಡೆಗಿದೆ ಎಂಬುದು. ಹೆಚ್ಚಿನ ಫೋನುಗಳಲ್ಲಿ ಅದು ಪರದೆಗೆ ಬೆನ್ನು ಮಾಡಿ ಕೂರುತ್ತದೆಯಾದರೂ, ಟ್ರೇಯ ಎರಡೂ ಬದಿಗೆ ಒಂದೊಂದು ಸಿಮ್ ಹಿಡಿಸುವ ಮಾದರಿಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಆದ್ದರಿಂದ ಕೈಪಿಡಿಯ ಚಿತ್ರವನ್ನೇ ನೋಡಬೇಕು. ಹೈಬ್ರಿಡ್ ಟ್ರೇ ಇರುವ ಫೋನುಗಳಲ್ಲಿ ಎರಡನೆಯ ಜಾಗವು ಸಿಮ್ ಅಥವಾ ಮೆಮೊರಿ ಕಾರ್ಡ್, ಎರಡರಲ್ಲಿ ಒಂದಕ್ಕಷ್ಟೇ ಮೀಸಲು.

ಲೋಹದ ಮೈಯನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಮೆಲ್ಲಗೆ ಒರೆಸಿ. ರಬ್ಬರಿನಿಂದ ತಿಕ್ಕುವುದಾಗಲೀ ಉಗುರಿನಿಂದ ಕೆರೆಯುವುದಾಗಲೀ ಬೇಡ. ಮೇಲಿನ ತೆಳುವಾದ ಚಿನ್ನದ ಲೇಪ ಹೋದರೆ ಸಂಪರ್ಕ ಇನ್ನಷ್ಟು ಹದಗೆಡುತ್ತದೆ. ಟ್ರೇಯನ್ನು ಒಳಗೆ ತಳ್ಳುವಾಗ ಎಲ್ಲಾದರೂ ತಡೆದಂತಾದರೆ ಬಲ ಹಾಕದೆ ಹೊರಗೆಳೆದು ಕಾರ್ಡನ್ನು ಮತ್ತೊಮ್ಮೆ ಸರಿಪಡಿಸಿ, ಆಮೇಲೆ ಫೋನ್ ಆನ್ ಮಾಡಿ.

ಅದಲುಬದಲು ಪರೀಕ್ಷೆ

ನನ್ನ ದೃಷ್ಟಿಯಲ್ಲಿ ಈ ಇಡೀ ಕೆಲಸದಲ್ಲಿ ಅತ್ಯಂತ ಉಪಯುಕ್ತವಾದ ಹಂತ ಇದೇ, ಆದರೂ ಜನ ಇದನ್ನೇ ಕಡೆಗಣಿಸುತ್ತಾರೆ. ತೊಂದರೆ ಕೊಡುತ್ತಿರುವ ಸಿಮ್ಮನ್ನು ಹಳೆಯ ಫೋನಿಗೆ ಹಾಕಿ ನೋಡಿ. ಬಳಿಕ ಮನೆಯಲ್ಲಿ ಬೇರೆಯವರು ಬಳಸುತ್ತಿರುವ, ಕೆಲಸ ಮಾಡುತ್ತಿದೆಯೆಂದು ಖಚಿತವಾಗಿರುವ ಸಿಮ್ಮನ್ನು ಹೊಸ ಫೋನಿಗೆ ಹಾಕಿ ನೋಡಿ. ನಿಮ್ಮ ಸಿಮ್ ಹಳೆಯ ಫೋನಿನಲ್ಲಿಯೂ ನಡೆಯದಿದ್ದರೆ ದೋಷ ಕಾರ್ಡಿನಲ್ಲಿದೆ ಅಥವಾ ಖಾತೆಯಲ್ಲಿದೆ. ಯಾವ ಸಿಮ್ ಹಾಕಿದರೂ ಹೊಸ ಫೋನು ಗುರುತಿಸದಿದ್ದರೆ ದೋಷ ಫೋನಿನಲ್ಲಿದೆ. ಎರಡೂ ಬೇರೆ ಬೇರೆಯಾಗಿ ಸರಿಯಿದ್ದು, ಒಟ್ಟಿಗೆ ಮಾತ್ರ ಹೊಂದದಿದ್ದರೆ ಲಾಕ್, ಕಾರ್ಡಿನ ವಯಸ್ಸು ಅಥವಾ ಸೆಟ್ಟಿಂಗ್ಸ್ ಕಡೆಗೆ ಗಮನ ಹರಿಸಬೇಕು.

ಹಳೆಯ ಕಾರ್ಡುಗಳ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಈಗಿನ ಫೋನುಗಳಿಗೆ ಬೇಕಾದ ನ್ಯಾನೊ ಸಿಮ್‌ನ ಅಳತೆ 12.3 × 8.8 ಮಿಲಿಮೀಟರ್, ದಪ್ಪ 0.67 ಮಿಲಿಮೀಟರ್. ಅದಕ್ಕಿಂತ ಹಿಂದಿನ ಮಿನಿ ಮತ್ತು ಮೈಕ್ರೊ ಸಿಮ್‌ಗಳ ದಪ್ಪ 0.76 ಮಿಲಿಮೀಟರ್. ಹೀಗಾಗಿ ದೊಡ್ಡ ಸಿಮ್ಮನ್ನು ಕತ್ತರಿಸಿ ನ್ಯಾನೊ ಗಾತ್ರಕ್ಕೆ ಇಳಿಸಿದರೆ ಉದ್ದ ಅಗಲಗಳು ಹೊಂದಿದರೂ ದಪ್ಪ ಹೊಂದುವುದಿಲ್ಲ. ಟ್ರೇ ಸಿಕ್ಕಿಹಾಕಿಕೊಳ್ಳಬಹುದು, ಒಳಗಿನ ಸಣ್ಣ ಲೋಹದ ಕಡ್ಡಿಗಳು ಬಾಗಬಹುದು. ವಿದ್ಯುತ್ತಿನ ವ್ಯತ್ಯಾಸವೂ ಇದೆ. ಮೊದಲ ತಲೆಮಾರಿನ ಸಿಮ್‌ಗಳು 5 ವೋಲ್ಟ್‌ನಲ್ಲಿ ನಡೆಯುತ್ತಿದ್ದವು, ನಂತರದವು 3 ವೋಲ್ಟ್‌ಗೆ, ಆಮೇಲೆ 1.8 ವೋಲ್ಟ್‌ಗೆ ಇಳಿದವು. ತೀರಾ ಹಳೆಯ ಕಾರ್ಡಿಗೆ ಬೇಕಾದಷ್ಟು ವೋಲ್ಟೇಜನ್ನು ಹೊಸ ಫೋನು ಕೊಡದಿರುವ ಸಾಧ್ಯತೆ ಇರುವುದರಿಂದ, ಹಳೆಯ ಫೋನಿನಲ್ಲಿ ನಿರಾತಂಕವಾಗಿ ನಡೆಯುತ್ತಿದ್ದ ಸಿಮ್ ಹೊಸದರಲ್ಲಿ ಮೌನ ತಾಳಬಹುದು. ಇಂಥ ಕಾರ್ಡನ್ನು ಕಂಪನಿಯಲ್ಲಿ ಕೊಟ್ಟು, ಅದೇ ನಂಬರಿಗೆ ಹೊಸ ಸಿಮ್ ಪಡೆಯುವುದೇ ಸರಿಯಾದ ದಾರಿ. ಕೊಡುವ ಮುನ್ನ ಸಿಮ್ಮಿನಲ್ಲಿಯೇ ಉಳಿಸಿಟ್ಟಿರುವ ಹೆಸರು ನಂಬರುಗಳನ್ನು ಫೋನಿಗೆ ನಕಲು ಮಾಡಿಕೊಳ್ಳಿ. ಹೊಸ ಕಾರ್ಡಿಗೆ ಅವು ತಾವಾಗಿ ಬರುವುದಿಲ್ಲ.

ಫೋನಿನ ಕಡೆಯ ಪರಿಶೀಲನೆ

ಏರೋಪ್ಲೇನ್ ಮೋಡ್ ಅನ್ನು ಅರ್ಧ ನಿಮಿಷ ಆನ್ ಮಾಡಿ ಆಫ್ ಮಾಡಿ. ಎರಡು ಸಿಮ್ ಇರುವ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ಸಿಮ್ ವಿಭಾಗಕ್ಕೆ ಹೋಗಿ, ಆ ಸಿಮ್‌ನ ಸ್ವಿಚ್ ಆಫ್ ಆಗಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಿ. ವೈಫೈ ಮೂಲಕ ಸಾಫ್ಟ್‌ವೇರ್ ಅಪ್‌ಡೇಟ್ ಬಂದಿದೆಯೇ ನೋಡಿ.

ಡಯಲ್ ಪ್ಯಾಡಿನಲ್ಲಿ *#06# ಒತ್ತಿದರೆ ಐಎಂಇಐ, ಅಂದರೆ ಪ್ರತಿ ಫೋನಿಗೂ ಇರುವ 15 ಅಂಕಿಗಳ ಗುರುತಿನ ಸಂಖ್ಯೆ ಕಾಣಬೇಕು. ಅಲ್ಲಿ ಏನೂ ಬರದಿದ್ದರೆ ಅಥವಾ ಬರೀ ಸೊನ್ನೆಗಳು ಬಂದರೆ ಸೆಟ್ಟಿಂಗ್ಸ್ ತಿದ್ದಿ ಪ್ರಯೋಜನವಿಲ್ಲ, ಸೀದಾ ಸೇವಾ ಕೇಂದ್ರಕ್ಕೆ ಹೋಗಬೇಕು. ಐಫೋನಿನಲ್ಲಿ ಲಾಕ್ ಇದೆಯೇ ಎಂದು ತಿಳಿಯಲು ಸೆಟ್ಟಿಂಗ್ಸ್, ಜನರಲ್, ಅಬೌಟ್ ಎಂಬ ಕ್ರಮದಲ್ಲಿ ಹೋಗಿ ‘ಕ್ಯಾರಿಯರ್ ಲಾಕ್’ ಸಾಲನ್ನು ನೋಡಿ; ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಲಾಕ್ ಇಲ್ಲ. ಆಂಡ್ರಾಯ್ಡ್ ಫೋನು ‘ನೆಟ್‌ವರ್ಕ್ ಅನ್‌ಲಾಕ್ ಪಿನ್’ ಕೇಳಿದರೆ ಊಹಿಸಿ ಅಂಕಿಗಳನ್ನು ಒತ್ತಬೇಡಿ. ಲಾಕ್ ಹಾಕಿದ ಕಂಪನಿಯೇ ಅದನ್ನು ತೆಗೆಯಬೇಕು.

ನೆಟ್‌ವರ್ಕ್ ಸೆಟ್ಟಿಂಗ್ಸ್ ರಿಸೆಟ್ ಮಾಡುವುದು ಇದಾದ ಮೇಲಿನ ಹೆಜ್ಜೆ. ಫೋಟೊ, ಸಂದೇಶಗಳಿಗೆ ಇದರಿಂದ ಧಕ್ಕೆಯಿಲ್ಲ. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು ಹೋಗಬಹುದಾದ್ದರಿಂದ ಅವನ್ನು ಬರೆದಿಟ್ಟುಕೊಳ್ಳಿ. ರಿಸೆಟ್ ಪಟ್ಟಿಯಲ್ಲಿ ಇ-ಸಿಮ್ (ಕಾರ್ಡಿಲ್ಲದೆ ಫೋನಿನೊಳಗೇ ಡೌನ್‌ಲೋಡ್ ಆಗುವ ಸಿಮ್) ಅಳಿಸುವ ಆಯ್ಕೆಯೂ ಇದ್ದರೆ ಅದನ್ನು ಮುಟ್ಟಬೇಡಿ.

ಪಿನ್ ಕೇಳಿದರೆ

ಸಿಮ್ ಪಿನ್ ಅನ್ನು ಸತತ ಮೂರು ಬಾರಿ ತಪ್ಪಾಗಿ ಒತ್ತಿದರೆ ಕಾರ್ಡು ಲಾಕ್ ಆಗಿ, ಆ ಲಾಕ್ ಬಿಡಿಸುವ 8 ಅಂಕಿಗಳ ಪಿಯುಕೆ ಕೋಡ್ ಕೇಳುತ್ತದೆ. ಅದನ್ನು ಹತ್ತು ಬಾರಿ ತಪ್ಪಾಗಿ ಒತ್ತಿದರೆ ಆ ಕಾರ್ಡು ಶಾಶ್ವತವಾಗಿ ನಿರುಪಯುಕ್ತವಾಗುತ್ತದೆ. ಪಿಯುಕೆ ಕೋಡು ಸಿಮ್ ಬಂದ ಪ್ಯಾಕಿನ ಮೇಲೆ ಇರಬಹುದು. ಇಲ್ಲದಿದ್ದರೆ ಕಂಪನಿಯಿಂದಲೇ ಪಡೆಯಬೇಕು.

ಇ-ಸಿಮ್ ಆಗಿದ್ದರೆ

ಇ-ಸಿಮ್‌ಗೆ ಟ್ರೇಯಾಗಲೀ ಕೊಳೆಯಾಗಲೀ ಸಂಬಂಧವಿಲ್ಲ. ಇಲ್ಲಿನ ತೊಡಕುಗಳು ಹೆಚ್ಚಾಗಿ ವರ್ಗಾವಣೆಯ ಕ್ರಮದಿಂದ ಹುಟ್ಟುತ್ತವೆ. ಕಂಪನಿ ಕಳಿಸುವ ಕ್ಯೂಆರ್ ಕೋಡನ್ನು ಸಾಮಾನ್ಯವಾಗಿ ಒಮ್ಮೆ ಮಾತ್ರ ಬಳಸಬಹುದು. ಹಾಗಾಗಿ ಹೊಸ ಫೋನಿನಲ್ಲಿ ಇ-ಸಿಮ್ ಚಾಲನೆಗೊಂಡು ಕರೆ ಹೋಗಿ ಬರುವುದನ್ನು ನೋಡುವ ಮೊದಲೇ ಹಳೆಯ ಫೋನಿನಿಂದ ಅದನ್ನು ಅಳಿಸಿದರೆ, ಎರಡೂ ಕಡೆ ನಂಬರು ಇಲ್ಲದಂತಾಗುವ ಅಪಾಯವಿದೆ. ಡೌನ್‌ಲೋಡ್ ಆಗುವಾಗ ವೈಫೈ ಗಟ್ಟಿಯಾಗಿರಲಿ.

ಕರೆ ಬರುತ್ತದೆ, ಇಂಟರ್‌ನೆಟ್ ಇಲ್ಲ

ಇದು ಸಿಮ್ ದೋಷವಲ್ಲ. ಫೋನನ್ನು ಕಂಪನಿಯ ಇಂಟರ್‌ನೆಟ್ಟಿಗೆ ಜೋಡಿಸುವ ಎಪಿಎನ್ ಎಂಬ ಸೆಟ್ಟಿಂಗ್ ಹೊಂದಿಲ್ಲದಿದ್ದರೆ ಹೀಗಾಗುತ್ತದೆ. ಕಂಪನಿ ತಿಳಿಸಿದ ಎಪಿಎನ್ ಅನ್ನು ಅಕ್ಷರ ತಪ್ಪದೆ ತುಂಬಿ. ಇದಕ್ಕೆ ವ್ಯತಿರಿಕ್ತವಾಗಿ, ಇಂಟರ್‌ನೆಟ್ ಇದ್ದು ಕರೆ ಮಾತ್ರ ಹೋಗದಿದ್ದರೆ ವೋಲ್ಟೆ (4ಜಿ ನೆಟ್‌ವರ್ಕ್ ಮೂಲಕ ಕರೆ ಮಾಡುವ ಸೌಲಭ್ಯ) ಆನ್ ಆಗಿದೆಯೇ ನೋಡಿ.

ಕಂಪನಿಗೆ ಅಥವಾ ಸೇವಾ ಕೇಂದ್ರಕ್ಕೆ ಹೋಗುವಾಗ

ಬರೆದಿಟ್ಟುಕೊಂಡ ದೋಷ ಸಂದೇಶ, ಐಎಂಇಐ ಸಂಖ್ಯೆ, ಕಾರ್ಡಿನ ಮೇಲೆ ಮುದ್ರಿತವಾಗಿರುವ 89ರಿಂದ ಆರಂಭವಾಗುವ ಉದ್ದನೆಯ ಸಂಖ್ಯೆ, ಗುರುತಿನ ಚೀಟಿ ಮತ್ತು ಅದಲುಬದಲು ಪರೀಕ್ಷೆಯಲ್ಲಿ ಕಂಡುಬಂದದ್ದು, ಇಷ್ಟನ್ನು ಸಿದ್ಧವಾಗಿಟ್ಟುಕೊಳ್ಳಿ. ದೋಷ ಫೋನಿನದೇ ಎಂದು ಖಚಿತವಾಗಿದ್ದರೆ ಖರೀದಿಯ ರಸೀದಿಯೂ ಜೊತೆಗಿರಲಿ, ಮತ್ತು ಬದಲಾವಣೆಗೆ ಅಂಗಡಿಯವರು ಕೊಟ್ಟ ಗಡುವು ಮುಗಿಯುವ ಮುನ್ನವೇ ಹೋಗಿ. ಸಿಮ್ ಬದಲಿಸಿಕೊಳ್ಳುವುದಾದರೆ, ಹೊಸ ಕಾರ್ಡು ಚಾಲನೆಗೊಳ್ಳುವವರೆಗೆ ಬ್ಯಾಂಕಿನ ಒಟಿಪಿ ಬರುವುದಿಲ್ಲವಾದ್ದರಿಂದ ಹಣ ಪಾವತಿಯ ಜರೂರು ಕೆಲಸಗಳನ್ನು ಮೊದಲೇ ಮುಗಿಸಿಕೊಳ್ಳಿ.