ರಿಮೋಟ್ ಒತ್ತಿದ ಮಾತ್ರಕ್ಕೆ ಕರೆಂಟ್ ನಿಲ್ಲುವುದಿಲ್ಲ

ರಾತ್ರಿ ಟಿವಿ ಆರಿಸಿ ಒಂದೆರಡು ಗಂಟೆ ಕಳೆದ ಮೇಲೆ ಸೆಟ್‌ಟಾಪ್ ಬಾಕ್ಸ್ ಮೇಲೆ ಅಂಗೈ ಇಟ್ಟು ನೋಡಿ. ಎಷ್ಟೋ ಮನೆಗಳಲ್ಲಿ ಅದು ಇನ್ನೂ ಬೆಚ್ಚಗೇ ಇರುತ್ತದೆ. ಆ ಬಿಸಿ ಸುಮ್ನೆ ಬಂದದ್ದಲ್ಲ, ಕರೆಂಟಿನಿಂದ ಬಂದದ್ದು. ರಿಮೋಟ್ ಒತ್ತಿದರೆ ಪರದೆ ಆರುತ್ತದೆ, ಒಳಗಿನ ಸರ್ಕ್ಯೂಟ್ ಮಾತ್ರ ಎಚ್ಚರವಾಗೇ ಇರುತ್ತದೆ. ಇದೇ ಸ್ಟ್ಯಾಂಡ್‌ಬೈ. ಬರೀ ಒಂದು ವಾಟ್ ವರ್ಷವಿಡೀ ಹೀಗೆ ಹರಿದರೂ ಸುಮಾರು 8.8 ಯೂನಿಟ್ ಆಗುತ್ತದೆ.

ಮೊದಲು ಅಳೆಯೋಣ. ಫ್ರಿಜ್, ಫ್ಯಾನ್, ದೀಪಗಳನ್ನು ಹತ್ತು ನಿಮಿಷ ಆರಿಸಿ. ಟಿವಿ, ಮೈಕ್ರೋವೇವ್, ಕಂಪ್ಯೂಟರ್‌ಗಳನ್ನು ದಿನಾ ಬಿಡುವ ಹಾಗೆಯೇ ಬಿಡಿ. ಇನ್ವರ್ಟರ್ ಇದ್ದರೆ ಬ್ಯಾಟರಿ ತುಂಬಿರಲಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಈಗ ಮೀಟರ್ ಮುಂದೆ ನಿಲ್ಲಿ. ಡಿಜಿಟಲ್ ಮೀಟರಿನಲ್ಲಿ ಒಂದು ಪುಟ್ಟ ದೀಪ ಮಿನುಗುತ್ತಿರುತ್ತದೆ. ಮೀಟರಿನ ಮೇಲೆಯೇ 1600, 3200 ಎಂಬಂಥ ಒಂದು ಸಂಖ್ಯೆ ಇರುತ್ತದೆ. ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ದೀಪ ಅಷ್ಟು ಸಲ ಮಿನುಗುತ್ತದೆ. ಒಂದು ಸಲ ಮಿನುಗಿ ಮತ್ತೆ ಮಿನುಗಲು ಎಷ್ಟು ಸೆಕೆಂಡ್ ಬೇಕು ನೋಡಿಕೊಳ್ಳಿ. 36 ಲಕ್ಷವನ್ನು ಮೀಟರಿನ ಸಂಖ್ಯೆಯಿಂದ, ಬಂದದ್ದನ್ನು ಸೆಕೆಂಡಿನಿಂದ ಭಾಗಿಸಿ. ಸಿಗುವುದೇ ವಾಟ್. 3200ರ ಮೀಟರ್ 45 ಸೆಕೆಂಡಿಗೊಮ್ಮೆ ಮಿನುಗಿದರೆ 25 ವಾಟ್, ಅಂದರೆ ತಿಂಗಳಿಗೆ 18 ಯೂನಿಟ್. ಯಾರೂ ಏನೂ ಬಳಸದೆ ಇಷ್ಟು ಹೋಗುವುದು ಜಾಸ್ತಿಯೇ ಅಲ್ವಾ?

ಆಮೇಲೆ ಒಂದೊಂದೇ ಪ್ಲಗ್ ತೆಗೆದು ಮತ್ತೆ ಎಣಿಸಿ. ಯಾವುದನ್ನು ತೆಗೆದಾಗ ಮಿನುಗು ತುಂಬಾ ನಿಧಾನವಾಗುತ್ತದೋ ಅದೇ ಹೆಚ್ಚು ಕರೆಂಟ್ ಎಳೆಯುವುದು. ಜನ ಮೊಬೈಲ್ ಚಾರ್ಜರ್ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಫೋನ್ ಸಿಕ್ಕಿಸದ ಹೊಸ ಚಾರ್ಜರ್ ಅರ್ಧ ವಾಟ್ ಕೂಡ ಎಳೆಯುವುದಿಲ್ಲ. ಸೆಟ್‌ಟಾಪ್ ಬಾಕ್ಸ್, ಹಳೆಯ ಮ್ಯೂಸಿಕ್ ಸಿಸ್ಟಮ್, ಗೇಮ್ ಆಡುವ ಕನ್ಸೋಲ್ ಕಡೆ ಮೊದಲು ನೋಡಿ.

ಒಟ್ಟಿಗೆ ಬಳಸುವ ಟಿವಿ, ಬಾಕ್ಸ್, ಸ್ಪೀಕರ್‌ಗಳನ್ನು ಸ್ವಿಚ್ ಇರುವ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿ. ಆ ಸ್ವಿಚ್ ಕೈಗೆ ಸಿಗುವಂತಿರಲಿ. ನಮ್ಮ ಮನೆಯಲ್ಲಿ ಅದು ಟಿವಿ ಸ್ಟ್ಯಾಂಡಿನ ಹಿಂದಿತ್ತು, ಬಗ್ಗಿ ಆರಿಸುವವರೇ ಇರಲಿಲ್ಲ. ಬಾಗಿಲ ಪಕ್ಕಕ್ಕೆ ತಂದ ಮೇಲೆ ಮಲಗಲು ಹೋಗುವವರು ದೀಪದ ಜೊತೆ ಅದನ್ನೂ ಆರಿಸುತ್ತಾರೆ. ಬೆಳಿಗ್ಗೆ ಬಾಕ್ಸ್ ಶುರುವಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೇ.

ಅಳತೆ ಮುಗಿದ ಕೂಡಲೇ ಫ್ರಿಜ್ ಹಾಕಲು ಮರೆಯಬೇಡಿ. ರಾತ್ರಿ ಯಾವುದಾದರೂ ಕಾರ್ಯಕ್ರಮ ರೆಕಾರ್ಡ್ ಆಗಬೇಕಿದ್ದರೆ ಅವತ್ತು ಬಾಕ್ಸ್ ಆರಿಸಬೇಡಿ. ಇಂಕ್‌ಜೆಟ್ ಪ್ರಿಂಟರ್ ಇದ್ದರೆ ಮೊದಲು ಅದರ ಮೈಮೇಲಿನ ಬಟನ್ ಒತ್ತಿ, ಸದ್ದು ಪೂರ್ತಿ ನಿಂತ ಮೇಲೆ ಗೋಡೆಯ ಸ್ವಿಚ್ ಆರಿಸಿ. ಹಾಗೆ ಮಾಡದಿದ್ದರೆ ಶಾಯಿ ಬರುವ ತುದಿ ಮುಚ್ಚಿಕೊಳ್ಳದೆ ಒಣಗುತ್ತದೆ.