ಬ್ರಿಟನ್‌ನಲ್ಲಿ ಪೊಲೀಸ್ ಕೆಲಸಕ್ಕೆ ಸೇರುವವರಿಗೆ: ಫೆಡರೇಷನ್ ಒಂದೇ ಸಾಕೇ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸ್ ಆಗಲು ಬ್ರಿಟಿಷ್ ಪೌರತ್ವವೇ ಬೇಕೆಂದಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದರೂ ನಡೆಯುತ್ತದೆ, ಐಎಲ್ಆರ್ (ಬ್ರಿಟನ್‌ನಲ್ಲಿ ಅವಧಿಯ ಮಿತಿಯಿಲ್ಲದೆ ನೆಲೆಸುವ ಅನುಮತಿ) ಸಿಕ್ಕಿರಬೇಕು ಅಷ್ಟೆ. ಕೆಲಸದ ವೀಸಾ ಮೇಲೆ ಇರುವವರು ಅರ್ಜಿ ಹಾಕುವಂತಿಲ್ಲ.

ಲಂಡನ್ ಪೊಲೀಸರು 1918ರಲ್ಲಿ ಮುಷ್ಕರ ಹೂಡಿದರು, 1919ರಲ್ಲಿ ಇನ್ನೊಮ್ಮೆ ಮುಷ್ಕರವಾಯಿತು. ಸರ್ಕಾರ ಅದೇ ವರ್ಷ ಯೂನಿಯನ್ ಸೇರುವುದನ್ನು ನಿಷೇಧಿಸಿ, ಬದಲಿಗೆ ಕಾನೂನಿನಡಿ ಪೊಲೀಸ್ ಫೆಡರೇಷನ್ ರಚಿಸಿತು. ಕಾನ್‌ಸ್ಟೆಬಲ್‌ನಿಂದ ಚೀಫ್ ಇನ್‌ಸ್ಪೆಕ್ಟರ್‌ವರೆಗಿನವರ ಸಂಬಳ, ಪಾಳಿ, ಶಿಸ್ತುಕ್ರಮದ ವಿಷಯದಲ್ಲಿ ಅವರ ಪರ ಮಾತಾಡುವುದು ಇಂದಿಗೂ ಅದೇ. ತೊಡಕು ಇಲ್ಲೇ ಇದೆ: ಜನಾಂಗೀಯ ಕಿರುಕುಳದ ದೂರು ಕೊಟ್ಟ ಕಾನ್‌ಸ್ಟೆಬಲ್ಲೂ ಅದರ ಸದಸ್ಯ, ದೂರು ಯಾರ ಮೇಲಿದೆಯೋ ಆ ಸಾರ್ಜೆಂಟೂ ಅದರ ಸದಸ್ಯ.

ಕಪ್ಪು ಮತ್ತು ಏಷ್ಯನ್ ಸಿಬ್ಬಂದಿ ಕೆಲಸ ಬಿಟ್ಟುಹೋಗುವುದು ಹೆಚ್ಚಾದಾಗ, ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಇಲಾಖೆ 1990ರಲ್ಲಿ ಬ್ರಿಸ್ಟಲ್‌ನಲ್ಲಿ ಅವರನ್ನೇ ಸೇರಿಸಿ ವಿಚಾರಗೋಷ್ಠಿ ನಡೆಸಿತು. ಅಲ್ಲಿ ಪರಿಚಯವಾದವರು 1994ರಲ್ಲಿ ಬ್ಲ್ಯಾಕ್ ಪೊಲೀಸ್ ಅಸೋಸಿಯೇಷನ್ (ಬಿಪಿಎ) ಕಟ್ಟಿದರು. ಜನಾಂಗೀಯ ದ್ವೇಷಕ್ಕೆ ಲಂಡನ್‌ನಲ್ಲಿ ಬಲಿಯಾದ ಕಪ್ಪು ಯುವಕ ಸ್ಟೀಫನ್ ಲಾರೆನ್ಸ್ ಕೊಲೆ ತನಿಖೆಯ ಲೋಪಗಳ ಬಗ್ಗೆ ಮ್ಯಾಕ್‌ಫರ್ಸನ್ ವಿಚಾರಣೆ ನಡೆದಾಗ ಈ ಸಂಘವೂ ಸಾಕ್ಷ್ಯ ನುಡಿಯಿತು. 1999ರ ವರದಿ ಪೊಲೀಸ್ ಇಲಾಖೆಯಲ್ಲಿ 'ಸಾಂಸ್ಥಿಕ ಜನಾಂಗೀಯತೆ' (ಸಂಸ್ಥೆಯ ನಡೆಯಲ್ಲೇ ಬೇರೂರಿದ ಜನಾಂಗೀಯ ತಾರತಮ್ಯ) ಇದೆ ಎಂದು ನೇರವಾಗಿಯೇ ಹೇಳಿತು, 70 ಶಿಫಾರಸು ಮಾಡಿತು. ಅಷ್ಟರಲ್ಲಿ ರಾಷ್ಟ್ರಮಟ್ಟದ ಎನ್‌ಬಿಪಿಎ (ನ್ಯಾಷನಲ್ ಬ್ಲ್ಯಾಕ್ ಪೊಲೀಸ್ ಅಸೋಸಿಯೇಷನ್) ರೂಪುಗೊಳ್ಳುತ್ತಿತ್ತು. ಹೆಸರು ನೋಡಿ ನಮ್ಮದಲ್ಲ ಎಂದುಕೊಳ್ಳಬೇಡಿ, ಭಾರತ ಉಪಖಂಡದ ಮೂಲದವರಿಗೂ ಅದರಲ್ಲಿ ಸದಸ್ಯತ್ವವಿದೆ.

ಫೆಡರೇಷನ್, ಬಿಪಿಎ ಎರಡಕ್ಕೂ ಸೇರುವುದೇ ಜಾಣತನ. ಸಂಬಳದ ಮಾತುಕತೆ, ವಕೀಲರ ಖರ್ಚು ಫೆಡರೇಷನ್‌ಗೆ ಬಿಡಿ. ಬಡ್ತಿ ಸಂದರ್ಶನಕ್ಕೆ ತಯಾರಿ, ದೂರು ಬರೆಯುವ ರೀತಿ, ಯಾವ ಮೇಲಧಿಕಾರಿಯ ಬಳಿ ಮೊದಲು ಹೋಗಬೇಕು ಎಂಬುದಕ್ಕೆಲ್ಲ ಬಿಪಿಎ ಹೆಚ್ಚು ಉಪಯೋಗ. ಪ್ರೊಬೇಷನ್‌ನಲ್ಲಿರುವವರನ್ನು ಪೊಲೀಸ್ ನಿಯಮಾವಳಿಯ 13ನೇ ನಿಯಮದಡಿ ಕೈಬಿಡುವ ಅಧಿಕಾರ ಮುಖ್ಯಸ್ಥರಿಗೆ ಇರುವುದರಿಂದ, ತೊಂದರೆ ಬಂದ ಮೇಲಲ್ಲ, ಸೇರಿದ ತಿಂಗಳೇ ಸದಸ್ಯರಾಗಿ. ಶಿಸ್ತು ವಿಚಾರಣೆಗೆ 'ಪೊಲೀಸ್ ಫ್ರೆಂಡ್' (ಜೊತೆಗಿದ್ದು ಸಲಹೆ ಕೊಡುವವರು) ಒಬ್ಬರನ್ನು ಕರೆದೊಯ್ಯಬಹುದು. ಅವರು ಫೆಡರೇಷನ್ನಿನವರೇ ಆಗಬೇಕಿಲ್ಲ, ಪ್ರಕರಣದಲ್ಲಿ ಭಾಗಿಯಾಗದ ಇನ್ನೊಬ್ಬ ಅಧಿಕಾರಿಯೂ ಆದೀತು.

ಹೆಚ್ಚಿನವರು ಎಡವುವುದು ಗಡುವಿನಲ್ಲಿ. ಪೊಲೀಸರು ಕಾನೂನಿನ ಪ್ರಕಾರ ನೌಕರರಲ್ಲ, ಆದರೂ 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ತಾರತಮ್ಯದ ವಿರುದ್ಧ ಎಂಪ್ಲಾಯ್‌ಮೆಂಟ್ ಟ್ರಿಬ್ಯುನಲ್‌ಗೆ (ಉದ್ಯೋಗ ವಿವಾದಗಳ ನ್ಯಾಯಮಂಡಳಿ) ಹೋಗಬಹುದು. ಬಹುಕಾಲದಿಂದ ಇದ್ದ ಗಡುವು ಮೂರು ತಿಂಗಳಿಗೆ ಒಂದು ದಿನ ಕಡಿಮೆ. ಕಾನೂನು ಬದಲಾಗುತ್ತಿರುವುದರಿಂದ ನಿಮ್ಮ ಪ್ರಕರಣಕ್ಕೆ ಯಾವುದು ಅನ್ವಯ ಎಂದು ಏಕಾಸ್‌ನಲ್ಲೇ (Acas, ಉದ್ಯೋಗ ವಿವಾದಗಳಲ್ಲಿ ಸಲಹೆ ಕೊಟ್ಟು ರಾಜಿ ಮಾಡಿಸುವ ಸಂಸ್ಥೆ) ಕೇಳಿ. ಇಲಾಖೆಯೊಳಗೆ ದೂರು ಕೊಟ್ಟು ಉತ್ತರಕ್ಕೆ ಕಾಯುತ್ತಾ ಕೂತರೆ ಆ ಗಡಿಯಾರ ನಿಲ್ಲುವುದಿಲ್ಲ. ಏಕಾಸ್‌ನ ರಾಜಿ ಪ್ರಕ್ರಿಯೆ ಆರಂಭಿಸಿದರೆ ಮಾತ್ರ ತಾತ್ಕಾಲಿಕವಾಗಿ ನಿಲ್ಲುತ್ತದೆ.